ಹುಡುಗರ ಉಗುರನ್ನು ಎಂದಾದರೂ ನೋಡಿದ್ದೀರಾ?



ಕಳೆದ ವರ್ಷ ನಮ್ಮ ಕುಟುಂಬದಲ್ಲೊಂದು ಮದುವೆ. ಅದರ ಮುಂಚಿನ ದಿನ ನಮ್ಮ ಮನೆಯವರು ಪಾರ್ಲರಿಗೆ ಹೋಗಿದ್ದರು. ಉಗುರು ತಿದ್ದುವ ಹುಡುಗಿ ಬಣ್ಣ ಹಚ್ಚುವ ಮೊದಲು ಅವರ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಆಂಟಿ, ಇದಕ್ಕೆ ಹಚ್ಚುವುದಿಲ್ಲ, ಮೊದಲು ಡಾಕ್ಟರಿಗೆ ತೋರಿಸಿ" ಅಂದಳಂತೆ. ಉಗುರಿನ ಒಂದು ಮೂಲೆ ಮಾಂಸ ಬಿಟ್ಟು ಮೇಲೆದ್ದಿತ್ತು, ಅದರ ಅಡಿಯಲ್ಲಿ ಹಸಿರು ಛಾಯೆ. ಸೊಪ್ಪಿನ ಬಣ್ಣವೆಂದು ನಾವು ತಿಂಗಳುಗಟ್ಟಲೆ ಸುಮ್ಮನಿದ್ದೆವು. ಚರ್ಮವೈದ್ಯರು ನೋಡಿದಾಗ ಅದು ಸ್ಯೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾದ ಬಣ್ಣವೆಂದು ತಿಳಿಯಿತು. ಎದ್ದ ಉಗುರಿನ ಕೆಳಗೆ ಸದಾ ನೀರು ನಿಂತರೆ ಅದು ಅಲ್ಲಿ ಮನೆ ಮಾಡುತ್ತದೆ.

ಪಾರ್ಲರಿನ ಹುಡುಗಿಗೆ ಗಿರಾಕಿಯ ಕೈ ಅರ್ಧ ಗಂಟೆ ಎದುರಿಗಿರುತ್ತದೆ. ಗಲ್ಲಾದಲ್ಲಿ ಕೂತ ನಾವು ಕೈ ನೋಡುವುದು ನೋಟು ಎಣಿಸುವಾಗ ಮಾತ್ರ. ಮಾರನೆಯ ವಾರ ನಾಚಿಕೆಯಿಂದಲೇ ನಮ್ಮ ಅಡುಗೆಮನೆಯ ಹುಡುಗರನ್ನು ಒಬ್ಬೊಬ್ಬರಾಗಿ ಕರೆದು ಕೈ ತೋರಿಸಲು ಹೇಳಿದೆವು. ಮೋರಿಯಲ್ಲಿ ಕಪ್ಪುಬಸಿ ತೊಳೆಯುವ ಇಬ್ಬರಿಗೂ ಉಗುರಿನ ಬುಡ ಕೆಂಪಾಗಿ ಊದಿತ್ತು. ಆಲೂಗಡ್ಡೆ ಸುಲಿಯುವ ಹುಡುಗನೊಬ್ಬ ಎಡಗೈ ಹಿಂದಕ್ಕೆ ಇಟ್ಟುಕೊಂಡೇ ನಿಂತಿದ್ದ. ತೋರು ಬೆರಳಿಗೆ ಉಗುರುಸುತ್ತಾಗಿ ಕೀವು ತುಂಬಿತ್ತು. ರಾತ್ರಿ ನಿಂಬೆಹಣ್ಣಿಗೆ ತೂತು ಕೊರೆದು ಬೆರಳು ತೂರಿಸಿ ಮಲಗುತ್ತಿದ್ದನಂತೆ, ಹಗಲು ಅದೇ ಬೆರಳಿನಿಂದ ಮಸಾಲೆ ದೋಸೆಯ ಪಲ್ಯಕ್ಕೆ ಬೇಯಿಸಿದ ಆಲೂಗಡ್ಡೆ ಸುಲಿಯುತ್ತಿದ್ದ. ಯಾಕೆ ಹೇಳಲಿಲ್ಲವೆಂದರೆ, "ರಜೆ ಹಾಕಿದರೆ ಪಗಾರ ಕಟ್ಟಾಗುತ್ತದಲ್ಲ ಸೇಟ್" ಎಂದ. ನಮ್ಮಲ್ಲಿ ಪದ್ಧತಿ ಹಾಗೆಯೇ ಇತ್ತು, ಅವನದ್ದೇನೂ ತಪ್ಪಲ್ಲ.

ಉಗುರುಸುತ್ತಿನ ಕೀವಿನಲ್ಲಿ ಹೆಚ್ಚಾಗಿ ಇರುವುದು ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಬಿಸಿ ಮಾಡಿದರೆ ಅದು ಸಾಯುತ್ತದೆ. ಆದರೆ ಆಹಾರದಲ್ಲಿ ಕೆಲವು ಗಂಟೆ ಬೆಳೆದು ಒಮ್ಮೆ ವಿಷ ಬಿಟ್ಟಿತೆಂದರೆ ಆ ವಿಷ ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ, ಹೊಟ್ಟೆನುಲಿತ. ಆದ್ದರಿಂದ "ಮತ್ತೆ ಬಿಸಿ ಮಾಡಿ ಕೊಟ್ಟಿದ್ದೇವೆ" ಎಂಬ ಸಮಾಧಾನ ಇಲ್ಲಿ ನಡೆಯದು. ಬೇಯಿಸಿದ ಮೇಲೆ ಕೈ ತಾಗುವ ಪದಾರ್ಥಗಳಲ್ಲಿ, ಅಂದರೆ ಸುಲಿದ ಆಲೂಗಡ್ಡೆ, ಕಾಯಿ ಚಟ್ನಿ, ಖೋವಾದ ಸಿಹಿ, ಇವುಗಳಲ್ಲಿ ಅಪಾಯ ಹೆಚ್ಚು. ಅದರಲ್ಲೂ ಮುಂಬಯಿ, ಚೆನ್ನೈಯ ಸೆಖೆಯಲ್ಲಿ ಹೊರಗೇ ಇಟ್ಟರೆ ಕೇಳುವುದೇ ಬೇಡ. ಕೇಟರಿಂಗ್ ಆರ್ಡರಿನಲ್ಲಿ ಐನೂರು ಎಲೆಗೆ ಬಡಿಸುವಾಗ ಒಂದು ಬೆರಳು ಏನು ಮಾಡಬಲ್ಲದೆಂದು ನೀವೇ ಲೆಕ್ಕ ಹಾಕಿ.

ಮೋರಿಯ ಹುಡುಗರ ಊತ ಬೇರೆ ಬಗೆಯದು. ಉಗುರಿನ ಬುಡದಲ್ಲಿ ತೆಳುವಾದ ಚರ್ಮದ ಅಂಚೊಂದು ಇದೆಯಲ್ಲ, ಅದು ಉಗುರಿಗೂ ಮಾಂಸಕ್ಕೂ ನಡುವಿನ ಸಂದನ್ನು ಮುಚ್ಚಿಡುವ ಬಿರಡೆ ಇದ್ದ ಹಾಗೆ. ದಿನಕ್ಕೆ ಎಂಟು-ಹತ್ತು ಗಂಟೆ ಸಾಬೂನು, ಸೋಡಾ ನೀರಿನಲ್ಲಿ ಕೈ ಇದ್ದರೆ ಅದು ಕರಗಿ ಸಂದು ತೆರೆದುಕೊಳ್ಳುತ್ತದೆ. ಹುಣಸೆಹುಳಿ ಹಿಂಡುವವರಿಗೂ ಹಿಟ್ಟು ಕಲಸುವವರಿಗೂ ಇದೇ ಪಾಡು. ಆರು ವಾರ ಮೀರಿದ ಊತವನ್ನು ವೈದ್ಯರು ದೀರ್ಘಕಾಲದ ಉಗುರುಸುತ್ತು ಎನ್ನುತ್ತಾರೆ. ಹಿಂದೆ ಇದೆಲ್ಲ ಬೂಸ್ಟಿನ ಕಾಟವೆಂದೇ ಮದ್ದು ಕೊಡುತ್ತಿದ್ದರು. ನೀರು-ಸಾಬೂನಿನ ಉರಿಯೇ ಮೂಲ, ಬೂಸ್ಟು ಆಮೇಲೆ ಸೇರಿಕೊಳ್ಳುವುದು ಎಂಬುದು ಈಗಿನ ತಿಳಿವಳಿಕೆ. ಕೈ ಒಣಗದೆ ಯಾವ ಮುಲಾಮಿನಿಂದಲೂ ಪ್ರಯೋಜನವಿಲ್ಲ. ನಾವು ಈಗ ಮೋರಿಗೆ ಒಬ್ಬನನ್ನೇ ಕಟ್ಟಿಹಾಕುವುದಿಲ್ಲ. ಅರ್ಧ ದಿನ ತೊಳೆಯುವುದು, ಅರ್ಧ ದಿನ ಟೇಬಲ್ಲು. ರಬ್ಬರ್ ಗ್ಲೌಸಿನ ಒಳಗೆ ತೆಳು ಹತ್ತಿಯ ಗ್ಲೌಸು ಕೊಡುತ್ತೇವೆ. ಬರೀ ರಬ್ಬರು ಹಾಕಿದರೆ ಒಳಗೆ ಬೆವರು ಕೂತು ಮೊದಲಿಗಿಂತ ಕೆಡುತ್ತದೆ, ಇದು ನಮ್ಮ ಅನುಭವ. ರಾತ್ರಿ ಮಲಗುವಾಗ ಬುಡಕ್ಕೆ ವ್ಯಾಸಲಿನ್.

ಹಾಗೆಂದು ಉಗುರಿನ ಪ್ರತಿಯೊಂದು ಬದಲಾವಣೆಯೂ ರೋಗವಲ್ಲ. ಭಟ್ಟರ ಹಳದಿ ಉಗುರು ಅರಸಿನದ್ದು. ಬಿಳಿ ಚುಕ್ಕೆಗೆ ಕ್ಯಾಲ್ಸಿಯಂ ಗುಳಿಗೆ ತರಿಸುವವರಿದ್ದಾರೆ, ಅದು ಸಾಮಾನ್ಯವಾಗಿ ಎಲ್ಲೋ ತಾಗಿದ ಸಣ್ಣ ಪೆಟ್ಟಿನ ಗುರುತು. ಶಟರಿಗೆ ಸಿಕ್ಕಿ ಕಪ್ಪಾದ ಉಗುರಿನ ರಕ್ತ ಉಗುರಿನ ಜೊತೆಗೇ ಮುಂದೆ ಸಾಗಿ ಹೋಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುವುದರಿಂದ ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಏನೂ ಪೆಟ್ಟಾಗದೆ ಒಂದೇ ಬೆರಳಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಾ ಬುಡದ ಚರ್ಮಕ್ಕೂ ಹರಡಿದರೆ ಮಾತ್ರ ತಡಮಾಡದೆ ಚರ್ಮವೈದ್ಯರಲ್ಲಿಗೆ ಕಳುಹಿಸಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುವುದುಂಟು.

ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳು ತುಂಬಿದ ಉಗುರು ಸೋರಿಯಾಸಿಸಿನದ್ದಿರಬಹುದು. ಅದು ಅಂಟುರೋಗವಲ್ಲ. ಗಿರಾಕಿ ಏನೆಂದುಕೊಂಡಾರೋ ಎಂದು ಅಂಥ ಸಪ್ಲಾಯರನ್ನು ಕೆಲಸದಿಂದ ಬಿಡಿಸಿದ ಮಾಲಕರನ್ನು ನಾವು ಬಲ್ಲೆವು. ಅದು ಅನ್ಯಾಯ. ಉಗುರು ಚಮಚದಂತೆ ಒಳಕ್ಕೆ ತಗ್ಗಿ ಒಂದು ಹನಿ ನೀರು ನಿಲ್ಲುವಂತಿದ್ದರೆ ಕಬ್ಬಿಣದ ಕೊರತೆ ಇರಬಹುದು. ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಹೆಂಗಸರಲ್ಲಿ ಇದನ್ನು ಗಮನಿಸಿ, ಒಂದು ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ.

ಇನ್ನೊಂದು ಗುರುತು ನಮಗೆ ಹೊಸದು. ಎಲ್ಲ ಬೆರಳುಗಳಲ್ಲೂ ಒಂದೇ ಎತ್ತರದಲ್ಲಿ ಅಡ್ಡಲಾಗಿ ಗೀರಿನಂಥ ತಗ್ಗು ಇದ್ದರೆ, ಎರಡು-ಮೂರು ತಿಂಗಳ ಹಿಂದೆ ಆತನಿಗೆ ಜೋರು ಜ್ವರವೋ ದೊಡ್ಡ ಕಾಯಿಲೆಯೋ ಬಂದಿರಬಹುದು. ಆಗ ಉಗುರಿನ ಬೆಳವಣಿಗೆ ಸ್ವಲ್ಪ ಕಾಲ ನಿಂತಿರುತ್ತದೆ. ಯಾವ ಜ್ವರವೆಂದು ಉಗುರು ಹೇಳದು, ನಾವೇ ಕೇಳಬೇಕು. ಊರಿಗೆ ಹೋಗಿ ಟೈಫಾಯ್ಡ್ ಮಲಗಿ ಎದ್ದು ಬಂದವನಾದರೆ ಅಡುಗೆಮನೆಗೆ ಬಿಡುವ ಮೊದಲು ವೈದ್ಯರ ಒಪ್ಪಿಗೆ ಬೇಕೇ ಬೇಕು, ಗುಣವಾದ ಮೇಲೂ ಕೆಲವರ ಮಲದಲ್ಲಿ ರೋಗಾಣು ಹೋಗುತ್ತಿರುತ್ತದೆ.

2011ರ ಆಹಾರ ಸುರಕ್ಷತಾ ಲೈಸನ್ಸ್ ನಿಯಮಗಳ 4ನೇ ಷೆಡ್ಯೂಲಿನಂತೆ ವರ್ಷಕ್ಕೊಮ್ಮೆ ಕೆಲಸಗಾರರ ವೈದ್ಯಕೀಯ ತಪಾಸಣೆ ಆಗಬೇಕು, ಅದರಲ್ಲಿ ಚರ್ಮದ ಪರೀಕ್ಷೆಯೂ ಸೇರಿದೆ. ಎಷ್ಟೋ ಕಡೆ ಹುಡುಗರ ಮುಖವನ್ನೂ ನೋಡದೆ ಕಾಗದದ ಕಟ್ಟಿಗೆ ಸಹಿ ಬೀಳುತ್ತದೆ, ಇದು ನಮಗೂ ನಿಮಗೂ ಗೊತ್ತಿರುವ ಸಂಗತಿ. ಸಹಿ ಇದ್ದ ಮಾತ್ರಕ್ಕೆ ಕೀವು ಒಣಗುವುದಿಲ್ಲ. ಸೋಮವಾರ ಬೆಳಿಗ್ಗೆ ಹೋಟೆಲು ತೆರೆಯುವ ಮುಂಚೆ ಐದು ನಿಮಿಷ ಕೈ ನೋಡುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ. ಸಣ್ಣ ಗಾಯಕ್ಕೆ ನೀರು ಇಳಿಯದ ನೀಲಿ ಪಟ್ಟಿ ಸುತ್ತಿ ಮೇಲೆ ಗ್ಲೌಸು. ನೀಲಿ ಯಾಕೆಂದರೆ, ಬಿಚ್ಚಿ ಸಾಂಬಾರಿಗೆ ಬಿದ್ದರೂ ಕಣ್ಣಿಗೆ ಬೀಳುತ್ತದೆ. ಕೀವಿದ್ದರೆ ವಾಸಿಯಾಗುವ ತನಕ ಆಹಾರ ಮುಟ್ಟುವ ಕೆಲಸವೇ ಇಲ್ಲ, ಪಾರ್ಸೆಲ್ ಲೆಕ್ಕ ಬರೆಯುವುದೋ ಹಾಲ್ ನೋಡಿಕೊಳ್ಳುವುದೋ ಮಾಡಲಿ. ಪಗಾರ ಕಟ್ಟಿಲ್ಲ.

ಆಲೂಗಡ್ಡೆಯ ಹುಡುಗನ ಬೆರಳಿನ ಕೀವನ್ನು ವೈದ್ಯರು ಅಂದೇ ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಸೋಂಕು ಬೆರಳಿನೊಳಕ್ಕೆ ಇಳಿಯುತ್ತಿತ್ತು ಎಂದರು. ಎಂಟು ದಿನ ಗಲ್ಲಾದ ಪಕ್ಕ ಟೋಕನ್ ಕೊಡುತ್ತಾ ಕೂತಿದ್ದ. ಮೊನ್ನೆ ಗ್ರೈಂಡರಿನ ಹತ್ತಿರ ಕೈ ಕೊಯ್ದುಕೊಂಡ ಇನ್ನೊಬ್ಬನನ್ನು ಅವನೇ ಕೈ ಹಿಡಿದು ನಮ್ಮ ಮುಂದೆ ತಂದು ನಿಲ್ಲಿಸಿದ.