ಸಾಲು ಎಣಿಸಿದರೆ ಸಾಲದು

ಆಂಡ್ರಾಯ್ಡ್ ಫೋನಿನ ಒಡಲಲ್ಲಿ ಇರುವುದು ಲಿನಕ್ಸ್ ಕರ್ನಲ್, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳು. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ ಕಂಪ್ಯೂಟರ್‌ಗಳೂ ಅದನ್ನೇ ನೆಚ್ಚಿಕೊಂಡಿವೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಈ ತಂತ್ರಾಂಶ ಇಂದು ಮೂರು ಕೋಟಿ ಸಾಲು ದಾಟಿದೆ. ಒಂಬತ್ತು–ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಒಂದೊಂದರಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ, ಅದರ ಹಿಂದೆ ಸುಮಾರು ಎರಡು ಸಾವಿರ ಮಂದಿಯ ದುಡಿಮೆ. ಇವರಲ್ಲಿ ಯಾರು ಏನು ಮಾಡಿದರೆಂದು ತಿಳಿಯುವುದು ಹೇಗೆ?

ಮೊದಲ ಹತ್ತು ವರ್ಷ ಇದಕ್ಕೆ ಸರಿಯಾದ ಲೆಕ್ಕವೇ ಇರಲಿಲ್ಲ. ಇಮೇಲ್‌ನಲ್ಲಿ ಬಂದ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಟೊರ್ವಾಲ್ಡ್ಸ್ ತಾವೇ ಸೇರಿಸುತ್ತಿದ್ದರು. 2003ರಲ್ಲಿ ಎಸ್‌ಸಿಒ ಕಂಪನಿ ಐಬಿಎಂ ಮೇಲೆ ದಾವೆ ಹೂಡಿ, ತನ್ನ ಯುನಿಕ್ಸ್ ಕೋಡ್ ಲಿನಕ್ಸ್‌ಗೆ ಸೇರಿದೆ ಎಂದಾಗ ಪ್ರತಿ ಸಾಲಿನ ಮೂಲ ತೋರಿಸಬೇಕಾದ ಅಗತ್ಯ ಎದುರಾಯಿತು. ಮರುವರ್ಷವೇ ‘ಸೈನ್ಡ್-ಆಫ್-ಬೈ’ ಪದ್ಧತಿ ಬಂತು. ಕೋಡ್ ಬರೆದವರು ‘ಈ ಕೋಡನ್ನು ಕೊಡುವ ಹಕ್ಕು ನನಗಿದೆ’ ಎಂದು ಹೆಸರು ಹಾಕುತ್ತಾರೆ. ಅದನ್ನು ಮುಂದಕ್ಕೆ ದಾಟಿಸುವ ಪ್ರತಿ ಮೇಂಟೇನರ್ (ಕರ್ನಲ್‌ನ ಒಂದೊಂದು ಭಾಗದ ಉಸ್ತುವಾರಿ) ಕೂಡ ತಮ್ಮ ಹೆಸರು ಸೇರಿಸುತ್ತಾರೆ. 2005ರ ಏಪ್ರಿಲ್‌ನಲ್ಲಿ ಟೊರ್ವಾಲ್ಡ್ಸ್ ರೂಪಿಸಿದ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ‘ಗಿಟ್’ ತಂತ್ರಾಂಶ ಈ ದಾಖಲೆಯನ್ನು ಗಟ್ಟಿಮಾಡಿತು. ಹಳೆಯ ಕಮಿಟ್ (ದಾಖಲಾದ ಬದಲಾವಣೆ) ಒಂದರಲ್ಲಿ ಒಂದಕ್ಷರ ತಿದ್ದಿದರೂ ಅದರ ಗುರುತುಸಂಖ್ಯೆಯ ಜೊತೆಗೆ ಅದರ ನಂತರದ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಗುಟ್ಟಾಗಿ ಇತಿಹಾಸ ತಿದ್ದಲು ಆಗದು.

ಈ ದಾಖಲೆಯ ಬೆಲೆ ಗೊತ್ತಾಗುವುದು ಕಷ್ಟ ಬಂದಾಗ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನಕ್ಕೆಂದು ಬೇಕೆಂದೇ ದೋಷವಿರುವ ಪ್ಯಾಚ್ ಕಳಿಸಿದ್ದು 2021ರಲ್ಲಿ ದೊಡ್ಡ ವಿವಾದವಾಯಿತು. ಆಗ ಆ ವಿಶ್ವವಿದ್ಯಾಲಯದ ವಿಳಾಸಗಳಿಂದ ಹಿಂದೆ ಬಂದಿದ್ದ ಪ್ಯಾಚ್‌ಗಳನ್ನೆಲ್ಲ ಹೆಕ್ಕಿ ಮರುಪರಿಶೀಲಿಸಿದರು. ಬಹುಪಾಲು ಸರಿಯಾಗಿಯೇ ಇದ್ದವು. ಸಂಶಯ ಪರಿಹಾರವಾದದ್ದೂ ದಾಖಲೆಯಿಂದಲೇ.

ಇದೇ ದಾಖಲೆಯಿಂದ ಪಟ್ಟಿಗಳೂ ಹುಟ್ಟುತ್ತವೆ. ಪತ್ರಕರ್ತ ಜೊನಾಥನ್ ಕಾರ್ಬೆಟ್ ‘ಗಿಟ್‌ಡಿಎಮ್’ ಎಂಬ ಸಲಕರಣೆಯಿಂದ ಪ್ರತಿ ಆವೃತ್ತಿಗೂ ಯಾವ ಕಂಪನಿಯದು, ಯಾವ ವ್ಯಕ್ತಿಯದು ಎಷ್ಟು ಕೊಡುಗೆ ಎಂದು ಲೆಕ್ಕ ತೆಗೆಯುತ್ತ ಬಂದಿದ್ದಾರೆ. ಇಮೇಲ್ ವಿಳಾಸದಿಂದ ಕಂಪನಿಯನ್ನು ಗುರುತಿಸುತ್ತಾರೆ. ಒಬ್ಬರಿಗೇ ನಾಲ್ಕಾರು ವಿಳಾಸವಿದ್ದರೆ ‘ಮೇಲ್‌ಮ್ಯಾಪ್’ ಎಂಬ ಕಡತ ಅವನ್ನು ಒಂದೇ ಹೆಸರಿಗೆ ಜೋಡಿಸುತ್ತದೆ. ಆದರೆ ಸಾಲಿನ ಲೆಕ್ಕ ಸುಲಭವಾಗಿ ದಾರಿ ತಪ್ಪಿಸುತ್ತದೆ. ಎಎಂಡಿ ಗ್ರಾಫಿಕ್ಸ್ ಡ್ರೈವರ್‌ನ ಹೆಡರ್ ಕಡತಗಳಲ್ಲಿ ಯಂತ್ರವೇ ಹೊರಡಿಸಿದ ಸಾಲುಗಳು ಲಕ್ಷಗಟ್ಟಲೆ ಇವೆ. ಇನ್ನೊಂದು ಕಡೆ, ವಾರಗಟ್ಟಲೆ ತಲೆ ಕೆಡಿಸಿಕೊಂಡು ಹಿಡಿದ ದೋಷಕ್ಕೆ ಒಂದೇ ಸಾಲಿನ ತಿದ್ದುಪಡಿ ಸಾಕಾಗಬಹುದು. ‘ಇದು ಸರಿಯಿಲ್ಲ’ ಎಂದು ಕೆಟ್ಟ ಪ್ಯಾಚನ್ನು ತಡೆದವರ ಹೆಸರಂತೂ ಕಮಿಟ್‌ಗಳಲ್ಲಿ ಎಲ್ಲೂ ಬರುವುದಿಲ್ಲ.

ಕರ್ನಲ್ ಸಮುದಾಯ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಂಡಿದೆ. ಓದಿ ಒಪ್ಪಿದವರಿಗೆ ‘ರಿವ್ಯೂಡ್-ಬೈ’, ಪರೀಕ್ಷಿಸಿದವರಿಗೆ ‘ಟೆಸ್ಟೆಡ್-ಬೈ’, ದೋಷ ತಿಳಿಸಿದವರಿಗೆ ‘ರಿಪೋರ್ಟೆಡ್-ಬೈ’. ಬೆಂಗಳೂರಿನ ಕಚೇರಿಗಳಲ್ಲಿ ಕೂತು ಕರ್ನಲ್‌ಗೆ ದುಡಿಯುವ ಎಂಜಿನಿಯರ್‌ಗಳ ಅಪ್ರೈಸಲ್ ಬರೆಯುವವರು ಕಮಿಟ್‌ಗಳ ಸಂಖ್ಯೆ ನೋಡಿ ಸುಮ್ಮನಾಗದೆ ಈ ಹೆಸರುಗಳನ್ನೂ ನೋಡಬೇಕು. ಬರೆಯುವವರ ಸಂಖ್ಯೆಗೆ ತಕ್ಕಷ್ಟು ಓದುವವರು ಇಲ್ಲದಿದ್ದರೆ ಮೂರು ಕೋಟಿ ಸಾಲನ್ನು ಯಾರೂ ನಂಬುವಂತಿಲ್ಲ. ಓದುವ ಕೆಲಸಕ್ಕೆ ಮನ್ನಣೆ ಸಿಕ್ಕರೆ ಮಾತ್ರ ಓದುವವರು ಉಳಿಯುತ್ತಾರೆ.