ನೆರೆಮನೆಗೆ ಕೇಳಿಸದ ಡ್ರಮ್: ಒತ್ತಡದ ಸೆನ್ಸರ್ ಇಟ್ಟು ಮನೆಯಲ್ಲೇ ಪ್ಯಾಡ್ ಮಾಡೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಡ್ರಮ್ಸ್ ಕಲೀಬೇಕು ಅಂತ ಆಸೆ ಇದೆ, ಆದ್ರೆ ಇರೋದು ಪಿ.ಜಿ. ರೂಮಲ್ಲೋ, ಗೋಡೆಗೆ ಗೋಡೆ ಅಂಟಿಕೊಂಡ ಬಾಡಿಗೆ ಮನೆಯಲ್ಲೋ. ಒಂದು ಸಲ ಬಡಿದ್ರೆ ಸಾಕು, ಓನರ್ ಬಾಗಿಲ ಹತ್ರ ನಿಂತಿರ್ತಾರೆ. ಇವತ್ತಿನ ಕಂತು ಅಂಥವರಿಗೆ. ಅಂಗಡಿಯ ಎಲೆಕ್ಟ್ರಾನಿಕ್ ಕಿಟ್‌ಗಳ ಬೆಲೆ ಹತ್ತಾರು ಸಾವಿರ ರೂಪಾಯಿ. ಕಾಲೇಜು ಹುಡುಗ ಹುಡುಗಿಯರ ಜೇಬಿಗೆ ಅದು ಭಾರವೇ. ಹಾಗಾಗಿ, ಕೆಲವು ನೂರು ರೂಪಾಯಿಯ ಒತ್ತಡದ ಸೆನ್ಸರ್, ಒಂದು ಆರ್ಡುಯಿನೊ ಬೋರ್ಡ್, ಒಂದು ರಬ್ಬರ್ ತುಂಡು, ಇಷ್ಟನ್ನೇ ಇಟ್ಟುಕೊಂಡು ಪ್ಯಾಡ್ ಮಾಡೋದು ಹೇಗೆ ಅಂತ ನೋಡೋಣ.

ಮೊದಲೇ ಒಂದು ಮಾತು. ಸದ್ದು ಬಂದ್ರೆ ಸಾಕು ಅನ್ನೋ ಪ್ಯಾಡ್ ಮಾಡೋದು ಸುಲಭ. ಆದ್ರೆ ನೀವು ದಿನಾ ಒಂದು ಗಂಟೆ ಬಾರಿಸೋ ಪ್ಯಾಡ್ ನಿಮ್ಮ ಕೈಗೆ ಪಾಠ ಹೇಳೋ ಮೇಷ್ಟ್ರೂ ಹೌದು. ಅದು ಮೆಲ್ಲನೆ ಹೊಡೆದ ಪೆಟ್ಟನ್ನು ಕೇಳಿಸಿಕೊಳ್ಳದಿದ್ರೆ, ಕೈ ತನ್ನಷ್ಟಕ್ಕೆ ಜೋರಾಗಿ ಹೊಡೆಯೋದನ್ನ ಕಲಿಯುತ್ತೆ. ಆರು ತಿಂಗಳು ಕಳೆದು ನಿಜವಾದ ಡ್ರಮ್ ಮುಂದೆ ಕೂತಾಗ ಆ ಅಭ್ಯಾಸ ಬಿಡಿಸೋದು ಕಷ್ಟ. ಅದಕ್ಕೇ ಇವತ್ತು ‘ಸದ್ದು ಬರಿಸೋದು’ ಮಾತ್ರ ಅಲ್ಲ, ‘ಮೆಲ್ಲನೆಯ ಪೆಟ್ಟನ್ನು ಉಳಿಸಿಕೊಳ್ಳೋದು’ ಹೇಗೆ ಅನ್ನೋದೇ ಮುಖ್ಯ ವಿಷಯ.

ಟ್ರಿಗರ್ ಅಂದ್ರೆ ಏನು?

ಟ್ರಿಗರ್ ತಾನೇ ಸದ್ದು ಮಾಡಲ್ಲ. ಅದು ಎರಡೇ ವಿಷಯ ಹೇಳುತ್ತೆ: ಪೆಟ್ಟು ಯಾವಾಗ ಬಿತ್ತು, ಎಷ್ಟು ಜೋರಾಗಿ ಬಿತ್ತು. ಸದ್ದು ಮಾಡೋದು ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿರೋ ಆ್ಯಪ್.

ಪೆಟ್ಟನ್ನು ಗುರುತಿಸೋಕೆ ಎರಡು ಜನಪ್ರಿಯ ದಾರಿಗಳಿವೆ. ಮೊದಲನೆಯದು ಪೀಜೋ. ಹಿತ್ತಾಳೆ ತಟ್ಟೆಯ ಮೇಲೆ ಬಿಳಿ ಸೆರಾಮಿಕ್ ಬಿಲ್ಲೆ ಅಂಟಿಸಿರ್ತಾರಲ್ಲ, ಅದೇ. ಬಾಗಿದಾಗ ತಾನೇ ವಿದ್ಯುತ್ ಹುಟ್ಟಿಸುತ್ತೆ. ಈ ಗುಣವನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದರು. ಪೀಜೋ ಅಗ್ಗ, ಚುರುಕು. ಆದ್ರೆ ಅದಕ್ಕೆ ಕಂಪನ ಅಂದ್ರೆ ಸಾಕು. ಪಕ್ಕದ ಪ್ಯಾಡಿಗೆ ಹೊಡೆದ್ರೂ, ಮೇಜು ಅಲ್ಲಾಡಿದ್ರೂ ‘ಪೆಟ್ಟು ಬಿತ್ತು’ ಅಂತ ಕೂಗಿಬಿಡುತ್ತೆ.

ಎರಡನೆಯದು ನಮ್ಮ ಇವತ್ತಿನ ನಾಯಕ: ಫೋರ್ಸ್ ಸೆನ್ಸಿಂಗ್ ರೆಸಿಸ್ಟರ್, ಚಿಕ್ಕದಾಗಿ ಎಫ್‌ಎಸ್‌ಆರ್. ಇದು ಎರಡು ಪ್ಲಾಸ್ಟಿಕ್ ಹಾಳೆಗಳ ಸ್ಯಾಂಡ್‌ವಿಚ್. ಒಂದು ಹಾಳೆಯ ಮೇಲೆ ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿದಂತೆ ಲೋಹದ ಗೆರೆಗಳು. ಇನ್ನೊಂದರ ಮೇಲೆ ಅಲ್ಪಸ್ವಲ್ಪ ವಿದ್ಯುತ್ ಹರಿಸೋ ವಿಶೇಷ ಶಾಯಿ. ನಡುವೆ ತೆಳುವಾದ ಸಂದು. ಒತ್ತದೇ ಇದ್ದಾಗ ರೆಸಿಸ್ಟೆನ್ಸ್ ಲಕ್ಷಗಟ್ಟಲೆ ಓಮ್. ಒತ್ತಿದಷ್ಟೂ ಶಾಯಿ ಹೆಚ್ಚೆಚ್ಚು ಜಾಗದಲ್ಲಿ ಗೆರೆಗಳಿಗೆ ತಾಗಿ, ಸಾವಿರಗಳಿಗೆ, ಆಮೇಲೆ ನೂರುಗಳಿಗೆ ಇಳಿಯುತ್ತೆ.

ಪೀಜೋಗಿಂತ ಇದರಲ್ಲಿ ಎರಡು ಲಾಭ. ನೇರವಾಗಿ ಒತ್ತಿದ್ರೆ ಮಾತ್ರ ಮಾತಾಡೋದರಿಂದ ಪಕ್ಕದ ಪ್ಯಾಡಿನ ಕಂಪನಕ್ಕೆ ಸುಲಭವಾಗಿ ಮೋಸ ಹೋಗಲ್ಲ. ಎರಡನೆಯದು, ಕೈ ಒತ್ತಿ ಹಿಡಿದಿದ್ರೆ ಅದೂ ಗೊತ್ತಾಗುತ್ತೆ. ಸಿಂಬಲ್ ಬಡಿದು ತಕ್ಷಣ ಕೈಯಿಂದ ಹಿಡಿದು ನಿಲ್ಲಿಸೋ ತರದ ಆಟ ಇದರಲ್ಲಿ ಸಾಧ್ಯ. ಬೆರಳಲ್ಲಿ ಬಾರಿಸೋ ಬೀಟ್ ಮಷೀನ್‌ಗಳ ರಬ್ಬರ್ ಪ್ಯಾಡ್‌ಗಳ ಕೆಳಗೆ ಈ ಜಾತಿಯ ಸೆನ್ಸರ್‌ಗಳೇ ಇರ್ತವೆ.

ಮೇಲ್ಮೈ ಯಾಕೆ ಮುಖ್ಯ?

ಇಲ್ಲೊಂದು ಹಳೇ ಕಥೆ. 1981ರಲ್ಲಿ ಬ್ರಿಟನ್ನಿನ ಸಿಮನ್ಸ್ ಕಂಪನಿ ಎಸ್‌ಡಿಎಸ್ 5 ಅನ್ನೋ ಎಲೆಕ್ಟ್ರಾನಿಕ್ ಡ್ರಮ್ ತಂತು. ಆರು ಮೂಲೆಯ ಪ್ಯಾಡ್‌ಗಳು, ಎಂಬತ್ತರ ದಶಕದ ಪಾಪ್ ವಿಡಿಯೊಗಳಲ್ಲಿ ಎಲ್ಲೆಲ್ಲೂ ಅವೇ. ಆದ್ರೆ ಮೇಲ್ಮೈ ಗಟ್ಟಿ ಪಾಲಿಕಾರ್ಬೊನೇಟ್. ಕೋಲು ಕೊಟ್ಟ ಪೆಟ್ಟು ವಾಪಸ್ ಮಣಿಕಟ್ಟಿಗೇ ಬರ್ತಿತ್ತು. ವಾದಕರು ಮಣಿಕಟ್ಟು ನೋವು ಅಂತ ದೂರಿದ ಮೇಲೆ ಮುಂದಿನ ಮಾದರಿಗಳಿಗೆ ರಬ್ಬರ್ ಬಂತು. ಅಂದ್ರೆ ಮರದ ಹಲಗೆ ಮೇಲೆ ಸೆನ್ಸರ್ ಅಂಟಿಸಿ ನೇರ ಬಡಿಯೋದು ಬೇಡ. ಸೆನ್ಸರ್‌ಗೂ ಪೆಟ್ಟು, ನಿಮಗೂ ಪೆಟ್ಟು.

ಕಟ್ಟೋ ಕೆಲಸ

ಬೆಂಗಳೂರಿನವರಾದ್ರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಬೇರೆ ಊರಿನವರಿಗೆ ಆನ್‌ಲೈನ್ ಇದ್ದೇ ಇದೆ. ಇಂಟರ್‌ಲಿಂಕ್ ಕಂಪನಿಯ 402 ಅನ್ನೋ ಗುಂಡು ಮಾದರಿ ಸುಮಾರು 18 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್‌ಗಿಂತ ತೆಳು. ಬೆರಳಲ್ಲಿ ಬಾರಿಸೋಕೆ ಇದು ಸಾಕು. 406 ಅನ್ನೋದು ಸುಮಾರು 4 ಸೆಂಟಿಮೀಟರ್ ಚೌಕ. ಅಂಗೈ ಅಥವಾ ಕೋಲಿಗೆ ಇದು ವಾಸಿ.

ಕೆಳಗಿನಿಂದ ಮೇಲಕ್ಕೆ ಪದರಗಳು ಹೀಗಿರಲಿ. ತಳದಲ್ಲಿ ಸ್ಪಂಜು, ಮೇಜಿನ ಅಲುಗಾಟ ಮೇಲೆ ಬರದಿರಲಿ ಅಂತ. ಅದರ ಮೇಲೆ ಗಟ್ಟಿ, ಸಮತಟ್ಟಾದ ಪ್ಲೈವುಡ್. ತಳ ಬಾಗಿದ್ರೆ ಸೆನ್ಸರ್ ತಾನೇ ಒತ್ತಿಕೊಂಡು ಸುಳ್ಳು ಹೇಳುತ್ತೆ. ಪ್ಲೈವುಡ್ ಮೇಲೆ ಸೆನ್ಸರ್. ಅದರ ಮೇಲೆ 2-3 ಮಿಲಿಮೀಟರ್ ಮೆತ್ತನೆ ಫೋಮ್. ಎಲ್ಲಕ್ಕಿಂತ ಮೇಲೆ ರಬ್ಬರ್ ಹಾಳೆ. ಫೋಮಿನ ಕೆಲಸ, ಕೋಲಿನ ಚೂಪು ಪೆಟ್ಟನ್ನು ಸೆನ್ಸರ್‌ನ ಇಡೀ ಮೈಗೆ ಹಂಚೋದು.

ಎರಡು ಎಚ್ಚರಿಕೆ. ಸೆನ್ಸರ್‌ನ ಬಾಲಕ್ಕೆ ನೇರವಾಗಿ ಸೋಲ್ಡರ್ ಹಚ್ಚಬೇಡಿ, ಪ್ಲಾಸ್ಟಿಕ್ ಕರಗಿಹೋಗುತ್ತೆ. ಕನೆಕ್ಟರ್ ಅಥವಾ ಬ್ರೆಡ್‌ಬೋರ್ಡ್ ಬಳಸಿ. ಬಾಲವನ್ನು ಚೂಪಾಗಿ ಮಡಚಲೂಬೇಡಿ.

ವೈರಿಂಗ್: ಬರೀ ಒಂದು ರೆಸಿಸ್ಟರ್

ಸೆನ್ಸರ್‌ನ ಒಂದು ಕಾಲು 5 ವೋಲ್ಟ್‌ಗೆ. ಇನ್ನೊಂದು ಕಾಲು ಬೋರ್ಡಿನ ಅನಲಾಗ್ ಪಿನ್‌ಗೆ. ಅದೇ ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್. ಮುಗೀತು. ಬೋರ್ಡ್ 3.3 ವೋಲ್ಟ್‌ನದ್ದಾದ್ರೆ ಮಾತ್ರ 5ರ ಬದಲು 3.3ಕ್ಕೇ ಜೋಡಿಸಿ.

ಇದು ಹೇಗೆ ಕೆಲಸ ಮಾಡುತ್ತೆ? ಸೆನ್ಸರ್ ಮತ್ತು ರೆಸಿಸ್ಟರ್ 5 ವೋಲ್ಟನ್ನು ಅಣ್ಣತಮ್ಮಂದಿರ ಹಾಗೆ ಹಂಚಿಕೊಳ್ತವೆ. ಮುಟ್ಟದೇ ಇದ್ದಾಗ ಪಿನ್ ಮೇಲೆ ಹೆಚ್ಚುಕಮ್ಮಿ ಸೊನ್ನೆ. ಸೆನ್ಸರ್ 10 ಕಿಲೋಓಮ್‌ಗೆ ಇಳಿದಾಗ ಸಮಪಾಲು, ಅಂದ್ರೆ 2.5 ವೋಲ್ಟ್. 1 ಕಿಲೋಓಮ್‌ಗೆ ಇಳಿದ್ರೆ ಸುಮಾರು 4.5 ವೋಲ್ಟ್. ಆರ್ಡುಯಿನೊ ಇದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತೆ.

ಕೋಲಲ್ಲಿ ಬಾರಿಸೋರು 10 ಕಿಲೋಓಮ್ ಬದಲು ಚಿಕ್ಕ ರೆಸಿಸ್ಟರ್ ಹಾಕಿ ನೋಡಿ. ಇಲ್ಲಾಂದ್ರೆ ಮಧ್ಯಮ ಪೆಟ್ಟಿಗೇ ಸಂಖ್ಯೆ ತುದಿ ಮುಟ್ಟಿ, ಜೋರು ಪೆಟ್ಟಿಗೆ ಜಾಗವೇ ಉಳಿಯಲ್ಲ.

ಕೋಡ್ ತಗೋಬೇಕಾದ ನಾಲ್ಕು ತೀರ್ಮಾನ

ಕೋಡಿನ ಸಾಲುಗಳನ್ನು ಇಲ್ಲಿ ಓದಿ ಹೇಳಿದ್ರೆ ನಿಮಗೆ ನಿದ್ದೆ ಬರುತ್ತೆ. ಆದ್ರೆ ಒಳಗಿನ ಯೋಚನೆ ಅರ್ಥ ಆದ್ರೆ ಕೋಡ್ ನೀವೇ ಬರೀತೀರಿ.

ಒಂದು, ಹೊಸ್ತಿಲು. ಸಂಖ್ಯೆ ಇಷ್ಟು ದಾಟಿದ್ರೆ ಮಾತ್ರ ಪೆಟ್ಟು ಅಂತ ಲೆಕ್ಕ. ಹೊಸ್ತಿಲನ್ನು ಸುಮ್ಮನೆ ಎತ್ತರದಲ್ಲಿಡಬೇಡಿ. ರಬ್ಬರ್ ಹೊದಿಸಿದ ಮೇಲೆ ಮುಟ್ಟದೇ ಇದ್ದಾಗ ಸಂಖ್ಯೆ ಎಷ್ಟಿದೆ ನೋಡಿ, ಅದರ ಸ್ವಲ್ಪವೇ ಮೇಲೆ ಇಡಿ. ಮೆಲ್ಲನೆಯ ಪೆಟ್ಟುಗಳು ಉಳಿಯೋದು ಅಥವಾ ಸಾಯೋದು ಇಲ್ಲೇ.

ಎರಡು, ಶಿಖರ. ಹೊಸ್ತಿಲು ದಾಟಿದ ಕ್ಷಣದ ಸಂಖ್ಯೆ ಪೆಟ್ಟಿನ ಜೋರನ್ನು ಹೇಳಲ್ಲ, ಅದು ಇನ್ನೂ ಏರ್ತಾ ಇರುತ್ತೆ. 2-3 ಮಿಲಿಸೆಕೆಂಡ್ ಓದುತ್ತಲೇ ಇದ್ದು, ಅತಿ ದೊಡ್ಡ ಸಂಖ್ಯೆಯನ್ನು ಹಿಡಿಯಿರಿ. ಆರ್ಡುಯಿನೊ ಉನೊ ಒಂದು ಸಲ ಓದೋಕೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ನಾಲ್ಕು ಪ್ಯಾಡ್ ಇದ್ರೂ ಅರ್ಧ ಮಿಲಿಸೆಕೆಂಡ್‌ನೊಳಗೆ ಒಂದು ಸುತ್ತು ಮುಗಿಯುತ್ತೆ.

ಮೂರು, ಮೌನ. ಪೆಟ್ಟು ಬಿದ್ದ ಮೇಲೆ ರಬ್ಬರ್ ಕುಪ್ಪಳಿಸುತ್ತೆ. ಒಂದೇ ಪೆಟ್ಟು ಎರಡಾಗಿ ಕೇಳಬಾರದಲ್ಲ? ಸುಮಾರು 25-30 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳಲಿ. ಸೆಕೆಂಡಿಗೆ 20 ಪೆಟ್ಟಿನ ವೇಗದಲ್ಲಿ ಬಾರಿಸಿದ್ರೂ ಪೆಟ್ಟುಗಳ ನಡುವೆ 50 ಮಿಲಿಸೆಕೆಂಡ್ ಇರುತ್ತೆ, ತೊಂದರೆ ಇಲ್ಲ.

ನಾಲ್ಕು, ಬಿಡುಗಡೆ. ಕೈ ಪ್ಯಾಡ್ ಮೇಲೇ ಇದ್ರೆ ಎಫ್‌ಎಸ್‌ಆರ್ ಸಂಖ್ಯೆ ಮೇಲೇ ಇರುತ್ತೆ. ಹಾಗಾಗಿ ಹೊಸ್ತಿಲಿಗಿಂತ ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಸಂಖ್ಯೆ ಅದರ ಕೆಳಗೆ ಇಳಿದ ಮೇಲೇ ಮುಂದಿನ ಪೆಟ್ಟಿಗೆ ಸಿದ್ಧ.

ಆಮೇಲೆ ಈ ಸುದ್ದಿಯನ್ನು ಫೋನ್‌ಗೆ ಕಳಿಸಬೇಕು. ಅದಕ್ಕೆ 1983ರಿಂದ ಸಂಗೀತೋಪಕರಣಗಳು ಆಡ್ತಿರೋ ಭಾಷೆ ಇದೆ, ಮಿಡಿ ಅಂತ. ಒಂದು ಪೆಟ್ಟು ಅಂದ್ರೆ ಮೂರೇ ಸಂಖ್ಯೆ. ಉದಾಹರಣೆಗೆ 153, 38, 90. ಮೊದಲನೆಯದು ‘ಡ್ರಮ್ ಚಾನೆಲ್‌ನಲ್ಲಿ ನುಡಿಸು’ ಅಂತ. 38 ಅಂದ್ರೆ ಸ್ನೇರ್. ಬಾಸ್ ಡ್ರಮ್ ಬೇಕಿದ್ರೆ 36, ಮುಚ್ಚಿದ ಹೈ-ಹ್ಯಾಟ್‌ಗೆ 42. ಕೊನೆಯದು ಜೋರು, 127ರವರೆಗೆ ಹೋಗುತ್ತೆ. ಆರ್ಡುಯಿನೊ ಲಿಯೊನಾರ್ಡೊ, ಮೈಕ್ರೊ, ಅಥವಾ ಟೀನ್ಸಿ ಬೋರ್ಡ್‌ಗಳು ಯುಎಸ್‌ಬಿಯಲ್ಲಿ ನೇರವಾಗಿ ಮಿಡಿ ಉಪಕರಣ ಅಂತಲೇ ಪರಿಚಯ ಮಾಡ್ಕೊಳ್ತವೆ. ಉನೊಗೆ ಆ ಸೌಲಭ್ಯ ಇಲ್ಲ, ಹಾಗಾಗಿ ಹೊಸದಾಗಿ ಕೊಳ್ಳೋರು ಲಿಯೊನಾರ್ಡೊ ಜಾತಿಯದನ್ನೇ ಕೊಳ್ಳಿ. ಆಂಡ್ರಾಯ್ಡ್ 6ರಿಂದ ಈಚೆಗೆ ಮಿಡಿ ಬೆಂಬಲ ಇದೆ. ಒಟಿಜಿ ಕೇಬಲ್ ಸಿಕ್ಕಿಸಿ, ಡ್ರಮ್ ಆ್ಯಪ್ ತೆರೆಯಿರಿ.

[ಪ್ಯಾಡ್ ಮೇಲೆ ನಾಲ್ಕು ಪೆಟ್ಟು: ಮೊದಲೆರಡು ಮೆಲ್ಲಗೆ, ಮತ್ತೆರಡು ಜೋರಾಗಿ]

ಕೇಳಿಸ್ತಾ? ಇದು ನನ್ನ ಮೇಜಿನ ಮೇಲಿರೋ ಪ್ಯಾಡ್. ಈ ನಾಲ್ಕು ಪೆಟ್ಟಿನ ವ್ಯತ್ಯಾಸ ಕೇಳಿಸಬೇಕಾದ್ರೆ ಇನ್ನೊಂದು ಕೆಲಸ ಬಾಕಿ ಇದೆ: ವಕ್ರರೇಖೆ. ನಾವು ಜೋಡಿಸಿದ ಸರ್ಕ್ಯೂಟ್‌ನಲ್ಲಿ ಮೆಲ್ಲನೆ ಒತ್ತಿದಾಗ ಸಂಖ್ಯೆ ದಡಬಡ ಏರುತ್ತೆ, ಜೋರಾಗಿ ಒತ್ತಿದಾಗ ನಿಧಾನ ಆಗುತ್ತೆ. 1023ನ್ನು ನೇರವಾಗಿ 127ಕ್ಕೆ ಇಳಿಸಿದ್ರೆ ಎಲ್ಲ ಪೆಟ್ಟೂ ಜೋರಾಗೇ ಕೇಳುತ್ತೆ. ಅದಕ್ಕೆ ಕೆಳಗಿನ ಸಂಖ್ಯೆಗಳನ್ನು ಇನ್ನೂ ತಗ್ಗಿಸೋ, ಮೇಲಿನ ತುದಿಯನ್ನು ಹಿಗ್ಗಿಸೋ ಒಂದು ಸೂತ್ರ ಕೋಡಿನಲ್ಲಿ ಸೇರಿಸಿ. ಸರಿ ಆಯ್ತಾ ಅಂತ ತಿಳಿಯೋಕೆ ಸರಳ ಪರೀಕ್ಷೆ: ಇಪ್ಪತ್ತು ಪೆಟ್ಟು ಹೊಡೀರಿ, ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪ ಜೋರು. ಸದ್ದು ಮೆಟ್ಟಿಲಿನ ಹಾಗೆ ಸಮವಾಗಿ ಏರಿದ್ರೆ ಗೆದ್ದಿರಿ. ಮೂರನೇ ಪೆಟ್ಟಿಗೇ ಮಹಡಿ ಮುಟ್ಟಿದ್ರೆ ಸೂತ್ರ ತಿದ್ದಿ.

ಬ್ಲೂಟೂತ್ ಇಯರ್‌ಫೋನ್ ಪಕ್ಕಕ್ಕಿಡಿ

ಸದ್ದು ಗಾಳಿಯಲ್ಲಿ 1 ಮೀಟರ್ ಸಾಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದ್ರೆ 10 ಮಿಲಿಸೆಕೆಂಡ್ ತಡ ಅನ್ನೋದು ಮೂರೂವರೆ ಮೀಟರ್ ದೂರದಲ್ಲಿ ಡ್ರಮ್ ಇಟ್ಟ ಹಾಗೆ. ಅಷ್ಟನ್ನು ಕೈ ಸಹಿಸಿಕೊಳ್ಳುತ್ತೆ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ತಡ 150 ಮಿಲಿಸೆಕೆಂಡ್ ದಾಟೋದು ಮಾಮೂಲಿ. ಅದು 50 ಮೀಟರ್ ಆಚೆ ಇರೋ ಡ್ರಮ್ ಬಾರಿಸಿದ ಹಾಗೆ! ಆ ತಡಕ್ಕೆ ಹೊಂದಿಕೊಳ್ಳೋಕೆ ಕೈ ತಾಳಕ್ಕಿಂತ ಮುಂದೆ ಓಡೋದನ್ನ ಕಲಿಯುತ್ತೆ. ಹಾಡು ಕೇಳೋಕೆ ಬ್ಲೂಟೂತ್ ಇರಲಿ, ಅಭ್ಯಾಸಕ್ಕೆ ವೈರ್ ಇರೋದೇ ಬೇಕು.

ಇದರಲ್ಲಿ ಮೃದಂಗ ನುಡಿಸಬಹುದಾ?

ನಮ್ಮಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಉತ್ತರ: ಸದ್ದು ಬರಿಸಬಹುದು, ನುಡಿಸಾಣಿಕೆ ಬರಲ್ಲ. ಒಂದು ಎಫ್‌ಎಸ್‌ಆರ್‌ಗೆ ‘ಎಷ್ಟು’ ಅನ್ನೋದು ಗೊತ್ತು. ‘ಎಲ್ಲಿ’ ಮತ್ತು ‘ಹೇಗೆ’ ಅನ್ನೋದು ಗೊತ್ತಿಲ್ಲ. ಮೃದಂಗದಲ್ಲಿ ಅಂಚಿಗೆ ತೋರುಬೆರಳು ಬಿದ್ದರೆ ಒಂದು ನಾದ, ನಡುವಿನ ಕಪ್ಪು ಕರಣೆಯ ಮೇಲೆ ಬೆರಳುಗಳು ಬಿದ್ದರೆ ಇನ್ನೊಂದು. ಆ ಕರಣೆಯಿಂದಲೇ ಮೃದಂಗ, ತಬಲಾಗಳ ನಾದದಲ್ಲಿ ತಂತಿ ವಾದ್ಯದಂಥ ಸ್ವರಸಂಬಂಧ ಬರುತ್ತೆ ಅಂತ ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು. ನಡುವೆ ಒಂದು, ಅಂಚಿನಲ್ಲಿ ಎರಡು ಮೂರು ಸೆನ್ಸರ್ ಇಟ್ಟು ಜಾಗವನ್ನು ಒಂದಿಷ್ಟು ಹಿಡಿಯಬಹುದು. ಆದ್ರೆ ಬೆರಳು ಚರ್ಮದ ಮೇಲೆ ಉಳಿಸಿ ನಾದ ಬಾಗಿಸೋ ಸೂಕ್ಷ್ಮಕ್ಕೆ ಗುರುವಿನ ಮುಂದಿನ ನಿಜವಾದ ಮೃದಂಗವೇ ಆಗಬೇಕು. ಲೆಕ್ಕ, ಕಾಲಪ್ರಮಾಣ, ಎರಡೂ ಕೈಯ ಸಮತೂಕ, ಇವಕ್ಕೆ ನಮ್ಮ ಪ್ಯಾಡ್ ಧಾರಾಳವಾಗಿ ಸಾಕು.

ಮೊದಲು ಒಂದೇ ಪ್ಯಾಡ್ ಮಾಡಿ. ಇಪ್ಪತ್ತು ಮೆಟ್ಟಿಲಿನ ಪರೀಕ್ಷೆ ಪಾಸ್ ಆದ ಮೇಲೆ ಎರಡನೆಯದಕ್ಕೆ ಕೈ ಹಾಕಿ. ನಾಲ್ಕು ಅರೆಬರೆ ಪ್ಯಾಡ್‌ಗಿಂತ ಪಿಸುಮಾತೂ ಕೇಳಿಸಿಕೊಳ್ಳೋ ಒಂದು ಪ್ಯಾಡ್ ನಿಮ್ಮ ಕೈಯನ್ನು ಚೆನ್ನಾಗಿ ಬೆಳೆಸುತ್ತೆ. ಮುಂದಿನ ಕಂತಿನಲ್ಲಿ ಹೈ-ಹ್ಯಾಟ್ ಪೆಡಲ್: ಅದೇ ಎಫ್‌ಎಸ್‌ಆರ್, ಈ ಸಲ ಕಾಲಿನ ಕೆಳಗೆ. ಅಲ್ಲಿವರೆಗೂ ಬಾರಿಸ್ತಾ ಇರಿ, ಓನರ್ ನೆಮ್ಮದಿಯಾಗಿ ಮಲಗಲಿ!