ಕಾಡಿನ ಲೆಕ್ಕ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಹೊಂದಿಕೊಂಡಂತೆ ಗೋಪಿನಾಥಂ ಎಂಬ ಗ್ರಾಮವಿದೆ. ಸುತ್ತಲೂ ಬೆಟ್ಟಗುಡ್ಡಗಳು, ಒಣ ಎಲೆಯುದುರುವ ಕಾಡು. ಅನತಿದೂರದಲ್ಲಿ ಕಾವೇರಿ ನದಿ. ಕನ್ನಡ, ತಮಿಳು ಎರಡೂ ನುಡಿಗಳು ಇಲ್ಲಿ ಕೇಳಿಬರುತ್ತವೆ. ಒಂದು ಕಾಲದಲ್ಲಿ ಈ ಊರು ದಂತಚೋರ ವೀರಪ್ಪನ್‌ನ ಹುಟ್ಟೂರೆಂದೇ ನಾಡಿಗೆ ಪರಿಚಿತವಾಗಿತ್ತು. ದಂತಕ್ಕಾಗಿ ಆನೆಗಳೂ ಪರಿಮಳಕ್ಕಾಗಿ ಗಂಧದ ಮರಗಳೂ ಇಲ್ಲಿ ನೆಲಕ್ಕುರುಳಿದವು. ಊರಿನ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1991ರ ನವೆಂಬರ್ ತಿಂಗಳಲ್ಲಿ ಇದೇ ಸೀಮೆಯಲ್ಲಿ ಹತರಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. 2004ರಲ್ಲಿ ವೀರಪ್ಪನ್‌ನ ಅಂತ್ಯವಾದ ಬಳಿಕ ಕಾಡಿನ ಮೇಲೆ ಕವಿದಿದ್ದ ಭಯ ತೊಲಗಿತು. ಆಗ ಒಂದು ಪ್ರಶ್ನೆ ಎದ್ದು ನಿಂತಿತು: ಈ ಕಾಡಿನಲ್ಲಿ ಉಳಿದಿರುವುದೇನು?

ಈ ಪ್ರಶ್ನೆಗೆ ಊಹೆಯಿಂದ ಉತ್ತರ ದೊರೆಯದು; ಎಣಿಸಬೇಕು. ಎಣಿಸುವ ಕಾರ್ಯದಲ್ಲಿ ಅರಣ್ಯ ಇಲಾಖೆಯೊಡನೆ ಪರಿಸರ ಸಂಸ್ಥೆಗಳೂ ಕೈಜೋಡಿಸಿವೆ. 1996ರಲ್ಲಿ ಸ್ಥಾಪಿತವಾದ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯು ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟಗಳಲ್ಲಿ ಹಲವು ವರ್ಷಗಳಿಂದ ಅಧ್ಯಯನ ನಡೆಸುತ್ತಿದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಸಂಗಡಿಗರು ಕಾವೇರಿ ವನ್ಯಧಾಮದಲ್ಲಿ ಚಿರತೆಗಳನ್ನು ಕುರಿತು ಸಂಶೋಧನೆ ಕೈಗೊಂಡಿದ್ದಾರೆ. ಪರಿಸರ ಸಂಸ್ಥೆಗಳು ಕಾಲೇಜು ವಿದ್ಯಾರ್ಥಿಗಳನ್ನು ರಜೆಯ ಅವಧಿಯಲ್ಲಿ ತರಬೇತಿಗಾಗಿ ಸೇರಿಸಿಕೊಳ್ಳುವುದುಂಟು. ಇದನ್ನೇ ‘ಇಂಟರ್ನ್‌ಷಿಪ್’ ಎನ್ನುತ್ತಾರೆ. ಹಿಂದೆ ಶಿಷ್ಯನು ಕುಶಲಕರ್ಮಿಯ ಬಳಿಯಿದ್ದು ಕೆಲಸ ಕಲಿಯುತ್ತಿದ್ದಂತೆ, ಇಲ್ಲಿ ವಿದ್ಯಾರ್ಥಿಯು ವಿಜ್ಞಾನಿಯ ಜೊತೆಗಿದ್ದು ಸಂಶೋಧನೆಯ ಕ್ರಮವನ್ನು ಕಲಿಯುತ್ತಾನೆ.

ಕಾಡು ನೋಡುವ ಉತ್ಸಾಹವೊಂದೇ ಇದಕ್ಕೆ ಸಾಲದು. ಸಂರಕ್ಷಿತ ಅರಣ್ಯದಲ್ಲಿ ಅಧ್ಯಯನ ನಡೆಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನಂತರ ಉತ್ತರಿಸಲು ಸಾಧ್ಯವಾಗುವಂತಹ ಒಂದು ಚಿಕ್ಕ ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ‘ಕಾಡು ಹೇಗಿದೆ?’ ಎಂಬುದು ಅಳೆಯಲಾಗದ ಪ್ರಶ್ನೆ. ‘ಈ ಹಳ್ಳದ ದಂಡೆಯಲ್ಲಿ ಲಂಟಾನ ಎಷ್ಟು ಹರಡಿದೆ?’ ಎಂಬುದು ಅಳೆಯಬಹುದಾದ ಪ್ರಶ್ನೆ.

ಚಿರತೆಗಳ ಎಣಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನಮ್ಮ ಬೆರಳಚ್ಚಿನಂತೆ ಒಂದು ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ಇನ್ನೊಂದಕ್ಕೆ ಇರುವುದಿಲ್ಲ. ಪ್ರಾಣಿಯ ಎಡಮೈ, ಬಲಮೈಗಳೆರಡೂ ಚಿತ್ರದಲ್ಲಿ ಮೂಡುವಂತೆ ಕಾಡುದಾರಿಯ ಇಕ್ಕೆಲಗಳಲ್ಲಿ ಒಂದೊಂದು ಕ್ಯಾಮೆರಾವನ್ನು ಕಟ್ಟುತ್ತಾರೆ. ಪ್ರಾಣಿ ಹಾದುಹೋದೊಡನೆ ಅವು ತಾವಾಗಿಯೇ ಚಿತ್ರ ತೆಗೆಯುತ್ತವೆ. ಮೊದಲ ಸುತ್ತಿನಲ್ಲಿ 20 ಚಿರತೆಗಳು ಕಂಡವೆಂದು ಭಾವಿಸೋಣ. ಎರಡನೆಯ ಸುತ್ತಿನಲ್ಲಿಯೂ 20 ಕಂಡು, ಅವುಗಳಲ್ಲಿ 10 ಮೊದಲೇ ಗುರುತಿಸಿದವಾಗಿದ್ದರೆ, ಎರಡನೆಯ ಗುಂಪಿನ ಅರ್ಧದಷ್ಟು ಪರಿಚಿತವೆಂದಾಯಿತು. ಹಾಗಾದರೆ ಮೊದಲು ಗುರುತಿಸಿದ 20 ಚಿರತೆಗಳು ಒಟ್ಟು ಸಂಖ್ಯೆಯ ಸುಮಾರು ಅರ್ಧ. ಒಟ್ಟು ಚಿರತೆಗಳು ಸುಮಾರು 40. ವಿಜ್ಞಾನಿಗಳು ಬಳಸುವ ಸೂತ್ರಗಳು ಇದಕ್ಕಿಂತ ಜಟಿಲವಾಗಿದ್ದರೂ ಅವುಗಳ ಮೂಲತತ್ತ್ವ ಇದೇ. ಚಿರತೆಗಾಗಿ ಇರಿಸಿದ ಇಂತಹ ಕ್ಯಾಮೆರಾಗಳಲ್ಲಿಯೇ ಅಪರೂಪದ ತರಕರಡಿಯೂ ಸೆರೆಯಾಯಿತು. ಕಾವೇರಿ ವನ್ಯಧಾಮದಲ್ಲಿ ಆ ಪ್ರಾಣಿಯಿರುವುದಕ್ಕೆ ದೊರೆತ ಛಾಯಾಚಿತ್ರಗಳ ಸಾಕ್ಷ್ಯವು 2014ರಲ್ಲಿ ಪ್ರಕಟವಾಯಿತು.

ಒಮ್ಮೆ ಎಣಿಸಿದರೆ ಮುಗಿಯಲಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 134 ತಾಣಗಳನ್ನು ಗೊತ್ತುಮಾಡಿ 1997ರಲ್ಲಿ ಅಲ್ಲಿನ ಗಿಡಮರಗಳನ್ನು ದಾಖಲಿಸಲಾಯಿತು. 2008ರಲ್ಲಿ ಮತ್ತೆ ಪರಿಶೀಲಿಸಿದಾಗ, ಹಿಂದೆ ಶೇಕಡ 41ರಷ್ಟು ತಾಣಗಳಲ್ಲಿದ್ದ ಲಂಟಾನವು ಶೇಕಡ 81ರಷ್ಟು ತಾಣಗಳಿಗೆ ವ್ಯಾಪಿಸಿದ್ದುದು ಕಂಡುಬಂದಿತು. ಮೊದಲ ಬಾರಿ ಅಳೆದವರು ಅಜಾಗರೂಕತೆಯಿಂದ ಬರೆದಿದ್ದರೆ ಈ ಬದಲಾವಣೆ ಎಂದಿಗೂ ಸಾಬೀತಾಗುತ್ತಿರಲಿಲ್ಲ. ಹುಡುಕಿದ್ದು ಕಾಣದಿದ್ದಾಗ ‘ಸೊನ್ನೆ’ ಎಂದು ಬರೆಯುವುದೂ ಸಂಶೋಧನೆಯೇ. ಬಿಸಿಲಿಗೆ ಬೇಸತ್ತು, ಹೋಗದ ಜಾಗಕ್ಕೆ ಹೋದಂತೆ ಒಂದು ಅಂಕಿಯನ್ನು ತುಂಬಿದರೆ, ಅದರ ಮೇಲೆ ನಿಂತ ಎಲ್ಲ ತೀರ್ಮಾನಗಳೂ ಹುಸಿಯಾಗುತ್ತವೆ.

ಈ ವಿದ್ಯೆಯಲ್ಲಿ ಕಾಡಿನ ನಿವಾಸಿಗಳೂ ಗುರುಗಳೇ. ಹೆಜ್ಜೆಯ ಗುರುತು, ಮರದ ಹೆಸರು, ಜೇನಿನ ಕಾಲ, ಇವೆಲ್ಲ ಸೋಲಿಗರಿಗೆ ತಲೆಮಾರುಗಳಿಂದ ಬಂದ ಜ್ಞಾನ. ಬೇಸಗೆಯ ಆರಂಭದಲ್ಲಿ ಒಣಗಿದ ಎಲೆ ಹುಲ್ಲುಗಳಿಗೆ ಇಡುತ್ತಿದ್ದ ಸಣ್ಣ ‘ತರಗು ಬೆಂಕಿ’ಯು ನಿಂತುಹೋದುದರಿಂದಲೇ ಲಂಟಾನ ಮಿತಿಮೀರಿತೆಂದು ಅವರ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳು ಈ ಮಾತನ್ನು ತಳ್ಳಿಹಾಕದೆ ಅಧ್ಯಯನದ ವಿಷಯವನ್ನಾಗಿ ಸ್ವೀಕರಿಸಿದರು. ಅನುಭವವು ಪ್ರಶ್ನೆಯನ್ನು ಒದಗಿಸುತ್ತದೆ. ಅಳತೆಯು ಅದನ್ನು ಪರೀಕ್ಷಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಲ್ಲ. ಆದುದರಿಂದ ಕಾಡಿನ ಜನರಿಂದ ತಿಳಿದುಕೊಂಡವರು ತಮ್ಮ ಅಧ್ಯಯನದ ಫಲವನ್ನು ಆ ಜನರಿಗೆ ಅವರ ನುಡಿಯಲ್ಲಿಯೇ ತಿಳಿಸುವುದು ನ್ಯಾಯ.

ಇಂದು ಕಾವೇರಿ ವನ್ಯಧಾಮವು 1,000 ಚದರ ಕಿಲೋಮೀಟರಿಗೂ ಮಿಗಿಲಾಗಿ ಹಬ್ಬಿದೆ. ಅದರ ನೆರೆಯಲ್ಲಿ 2013ರಲ್ಲಿ ಘೋಷಿತವಾದ, ಸುಮಾರು 906 ಚದರ ಕಿಲೋಮೀಟರುಗಳ ಮಲೆಮಹದೇಶ್ವರ ವನ್ಯಧಾಮವಿದೆ. ಇಷ್ಟು ವಿಸ್ತಾರವಾದ ಕಾಡನ್ನು ಕಾಯಲು ಶೌರ್ಯವೊಂದೇ ಸಾಲದು; ಸತ್ಯವಾದ ಲೆಕ್ಕವೂ ಬೇಕು. ಶ್ರೀನಿವಾಸ್ ಅವರಂತಹವರು ಪ್ರಾಣವನ್ನೇ ತೆತ್ತು ಉಳಿಸಹೊರಟ ಈ ಕಾಡಿನಲ್ಲಿ ಏನಿದೆ, ಏನು ಕಡಿಮೆಯಾಗುತ್ತಿದೆ ಎಂಬುದನ್ನು ತಾಳ್ಮೆಯಿಂದ ಬರೆದಿಡುವ ಹೊಣೆ ಮುಂದಿನ ತಲೆಮಾರಿನದು. ಆ ಕೆಲಸಕ್ಕೆ ಬೇಕಾದ ಮೊದಲ ಸಾಧನಗಳು ಒಂದು ಪುಸ್ತಕ, ಒಂದು ಸೀಸದ ಕಡ್ಡಿ ಮತ್ತು ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆ.